ಎಲ್ಲಿ ಕುಯ್ದ ಸೊಪ್ಪು?

ಹೋದ ವಾರ ಬಂಗಾರಪೇಟೆ ಮಾರ್ಕೆಟ್ಟಿನಲ್ಲಿ ಒದ್ದೆ ಗೋಣಿಯ ಮೇಲೆ ಬೆರಕೆ ಸೊಪ್ಪು ಗುಡ್ಡೆ ಹಾಕಿದ್ದರು. ಒಂದು ಹಿಡಿ ಎತ್ತಿ ಮೂಸಿದೆ. ಹಸಿ ಮಣ್ಣು, ಗಣಿಕೆ ಸೊಪ್ಪಿನ ಒಗರು... “ಎಲ್ಲಿ ಕುಯ್ದಿದ್ದು?” ಅಂತ ಕೇಳಿದೆ. “ನಿಂಗೆ ಸೊಪ್ಪು ಬೇಕಾ, ಅದ್ರ ಜಾತ್ಕ ಬೇಕಾ?” ಅಂದಳು ಮಾರುವವಳು. ಜಾತಕವೇ ಬೇಕು ಅಂದೆ. ನನಗೆ ಈ ಚಟ ಹತ್ತಿಸಿದ್ದು ಪಕ್ಕದ ಮನೆಯ ದೊಡ್ಡಮ್ಮ.

ಬೇತಮಂಗಲದ ರಸ್ತೆಯ ಊರು ನಮ್ಮದು. ಆ ವರ್ಷ ನಮ್ಮ ಯಜಮಾನರು ಕಟ್ಟಡದ ಕೆಲಸದಲ್ಲಿ ಸಾರವೆಯಿಂದ ಬಿದ್ದು, ಕಾಲು ಮುರಿದುಕೊಂಡು ಮಲಗಿದ್ದರು. ಇಬ್ಬರು ಸಣ್ಣ ಮಕ್ಕಳು. ತವರಿಗೆ ಹೋಗಿ ಕೈಯೊಡ್ಡುವುದಿಲ್ಲ ಅಂತ ಹಟ ಹಿಡಿದಿದ್ದೆ. ನನ್ನದು ಮೊದಲಿನಿಂದಲೂ ಮೊಂಡುತನವೇ. ಚಿನ್ನದ ಗಣಿಯ ಮೈಸೂರು ಮೈನ್ಸ್ ಕಡೆ ಎರಡು ಮನೆಗೆ ಪಾತ್ರೆ ತೊಳೆಯಲು ಹೋಗುತ್ತಿದ್ದೆ. ರಾಗಿ ಹೇಗೋ ಹೊಂದುತ್ತಿತ್ತು, ಸಾರಿಗೇ ಗತಿ ಇರಲಿಲ್ಲ.

ಒಂದು ದಿನ ಕೆಲಸ ಮುಗಿಸಿ ಬರುವಾಗ ಸೈನೈಡ್ ದಿಬ್ಬದ ಬುಡದಲ್ಲಿ ಕೀರೆ, ಗಣಿಕೆ ಮೊಣಕಾಲೆತ್ತರ ಎದ್ದಿದ್ದವು. ಗಣಿ ನಡೆಯುತ್ತಿದ್ದಾಗ ಸೈನೈಡ್ ಹಾಕಿ ಚಿನ್ನ ತೆಗೆದು ಉಳಿದ ಮಣ್ಣನ್ನು ಸುರಿದ ದಿಬ್ಬ ಅದು. ಇಷ್ಟು ಸೊಪ್ಪಿದ್ದರೂ ಯಾರೂ ಮುಟ್ಟಿಲ್ಲವಲ್ಲ, ಎಂಥ ಸೋಮಾರಿ ಜನ ಅಂದುಕೊಂಡೆ. ಮಡಿಲು ತುಂಬ ಕುಯ್ದುಕೊಂಡು ಬಂದೆ.

ಮಸ್ಸೊಪ್ಪು ಮಾಡಿ, ಮುದ್ದೆ ಕಟ್ಟಿ, ಮಕ್ಕಳನ್ನು ಕೂರಿಸಿದ್ದೆ. ಒಲೆ ಹಚ್ಚಲು ಕೆಂಡ ಕೇಳಿಕೊಂಡು ದೊಡ್ಡಮ್ಮ ಬಂದರು. ಪಾತ್ರೆಗೆ ಇಣುಕಿದರು.

“ಎಲ್ಲಿ ಕುಯ್ಕೊಂಡ್ ಬಂದೆ?”

ಜಂಬದಿಂದಲೇ ಹೇಳಿದೆ. ಅವರು ಮಕ್ಕಳ ತಟ್ಟೆ ಎಳೆದುಕೊಂಡರು, ಪಾತ್ರೆ ಎತ್ತಿಕೊಂಡು ಹೋಗಿ ಹಿತ್ತಿಲ ಗುಂಡಿಗೆ ಸುರಿದರು, ಹಸುವಿಗೂ ಸಿಗದ ಹಾಗೆ ಮೇಲೆ ಮಣ್ಣೆಳೆದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಅದು ಬರೀ ಗಾದೆಯಾಗಿರಲಿಲ್ಲ. ಬಾಯಿಗೆ ಬಂದಂತೆ ಬೈದೆ. ಹೆರದವರಿಗೆ ಮಕ್ಕಳ ಹಸಿವು ಏನು ಗೊತ್ತು ಅಂತಲೂ ಅಂದುಬಿಟ್ಟೆ... ದೊಡ್ಡಮ್ಮ ನಿಂತು ಎಲ್ಲ ಕೇಳಿಸಿಕೊಂಡರು.

“ನನ್ ಕರ ಅಲ್ಲಿ ಮೇಯ್ಕೊಂಡ್ ಬಂದು ಸತ್ತೋಯ್ತು ಕಣೇ. ಅದ್ರಿಂದ್ಲೇ ಸತ್ತಿದ್ದು ಅಂತ ನಾನೇಳಲ್ಲ. ನಂಗೊತ್ತಿಲ್ಲ. ಗೊತ್ತಿಲ್ದಿದ್ದನ್ನ ಮಕ್ಳ ಬಾಯಿಗೆ ಇಕ್ಕಬ್ಯಾಡ.”

ಅಷ್ಟಂದು ಉರಿ ಬಿಸಿಲಲ್ಲಿ ಹೊರಟರು. ಹೊತ್ತು ಮುಳುಗುವ ಮುಂಚೆ ರಾಗಿ ಹೊಲಗಳಿಂದ ಮಡಿಲು ತುಂಬ ಅಣ್ಣೆ ಸೊಪ್ಪು ತಂದರು. ತಾವೇ ಸೋಸಿ, ಬೇಯಿಸಿ, ಮಕ್ಕಳು ಉಂಡು ಕೈ ತೊಳೆಯುವವರೆಗೂ ಎದ್ದು ಹೋಗಲಿಲ್ಲ. ನಾನು ತಪ್ಪಾಯಿತು ಅನ್ನಲಿಲ್ಲ.

ಮಾರನೆಯ ದಿನದಿಂದ ನನ್ನನ್ನೂ ಎಬ್ಬಿಸಿಕೊಂಡು ಹೊರಟರು. ಬೇರು ಕೀಳಬಾರದು, ಕುಡಿ ಚಿವುಟಬೇಕು. ಒಲೆಗೆ ಒಣಗಿದ ಪುಳ್ಳೆ ಆಯಬೇಕು, ಹಸಿ ಕಡ್ಡಿ ಮುರಿಯಬಾರದು. ಸೊಪ್ಪಿನ ಅಂದ ನೋಡುವ ಮುಂಚೆ ಅದು ಯಾವ ನೀರು ಕುಡಿದು ಬೆಳೆಯಿತು ಅಂತ ನೋಡಬೇಕು. ಯಜಮಾನರು ಎದ್ದು ಓಡಾಡುವವರೆಗೆ ನಾವು ನಾಲ್ಕು ಜನ ಹಾಗೇ ಉಂಡೆವು. ತವರಿನ ಬಾಗಿಲು ತಟ್ಟಲಿಲ್ಲ.

ಎಷ್ಟೋ ವರ್ಷದ ಮೇಲೆ ದೊಡ್ಡಮ್ಮ ಹಾಸಿಗೆ ಹಿಡಿದರು. ಏನು ಕೊಟ್ಟರೂ ಬೇಡ. “ಒಂದಿಡಿ ಅಣ್ಣೆ ಸೊಪ್ಪು ಸಿಕ್ತದಾ ನೋಡೇ” ಅಂದರು. ಅಷ್ಟೊತ್ತಿಗೆ ಆ ರಾಗಿ ಹೊಲಗಳಲ್ಲೆಲ್ಲ ಟೊಮ್ಯಾಟೊ ಬಂದಿತ್ತು. ಬದುವಿನಲ್ಲಿ ಅಣ್ಣೆ ಸೊಪ್ಪು ಇತ್ತು, ಎಲೆಯ ಮೇಲೆ ಹೊಡೆದ ಔಷಧಿ ಬೆಳ್ಳಗೆ ಕೂತಿತ್ತು. ಕೈ ಚಾಚಿದೆ... ಹಿಂದಕ್ಕೆ ತೆಗೆದುಕೊಂಡೆ. ಮೂರು ದಿನ ಸುತ್ತಿ, ಬರಿಗೈಯಲ್ಲಿ ಹೋಗಿ ಇದ್ದದ್ದನ್ನು ಹೇಳಿದೆ.

“ಒಳ್ಳೇದ್ ಮಾಡ್ದೆ ಬಿಡು” ಅಂದರು.

ತಪ್ಪಾಯಿತು ದೊಡ್ಡಮ್ಮ, ಅಂದೆ. ಯಾವುದಕ್ಕೆ ಅಂತ ಅವರು ಕೇಳಲಿಲ್ಲ. ಆ ವಾರವೇ ಹೋಗಿಬಿಟ್ಟರು.

ಈಗ ನಮ್ಮದೂ ಒಂದು ತುಂಡು ಹೊಲವಿದೆ. ಅದರ ಒಂದು ಮೂಲೆಗೆ ಔಷಧಿ ಹೊಡೆಯಲು ನಾನು ಬಿಡುವುದಿಲ್ಲ, ಕಳೆ ಕೀಳಲೂ ಬಿಡುವುದಿಲ್ಲ. ಮಗ ಗೊಣಗುತ್ತಾನೆ, ಗೊಣಗಲಿ. ಈ ಮಳೆಗೆ ಅಲ್ಲಿ ಅಣ್ಣೆ ಸೊಪ್ಪು ದಟ್ಟವಾಗಿ ಎದ್ದಿದೆ. ಬೇಕಾದವರು ಬಂದು ಕುಯ್ದುಕೊಂಡು ಹೋಗುತ್ತಾರೆ. ದೊಡ್ಡಮ್ಮ ಒಂದು ಹಿಡಿ ಕೇಳಿದಾಗ ನನ್ನ ಹತ್ತಿರ ಇರಲಿಲ್ಲ.