ಬಾಗಿಲಿಗೆ ಬಂದ ಗಿರಣಿ ಕಲ್ಲು

ಪರದೇಶದಲ್ಲಿ, ಎಜುಕೇಶನ್ ಹಿಲ್ ಎಂಬ ಬಡಾವಣೆಯಲ್ಲಿರುವ ತಂಗಿಯ ಮನೆಗೆ ಬಂದಿರುವ ನಾನೂ ಅವ್ವನೂ ಈ ಬೆಳಿಗ್ಗೆ ಪಕ್ಕದ ಮನೆಯ ಮಾರ್ಥಾಳನ್ನು ನೋಡಿಬರಲು ಹೋದೆವು. ಮನೆ ಮಾರಿ ಮಗಳ ಊರಿಗೆ ಹೊರಟಿದ್ದಾಳೆ ಮುದುಕಿ.

ಅವಳ ಮುಂಬಾಗಿಲಿನ ಮೆಟ್ಟಿಲು ಒಂದು ದುಂಡನೆಯ ಗಿರಣಿ ಕಲ್ಲು. ವರ್ಜೀನಿಯಾದಲ್ಲಿ ಅವಳ ಅಜ್ಜನಿಗೆ ಹೊಳೆದಂಡೆಯ ಜಮೀನೂ ಹಿಟ್ಟಿನ ಗಿರಣಿಯೂ ಇದ್ದವಂತೆ. ಜಮೀನು ಹೋಯಿತು, ಗಿರಣಿ ಈಗ ಮದುವೆ ಹಾಲ್. ಅಜ್ಜಿಯನ್ನು ಇಲ್ಲಿಗೆ ಕರೆತಂದಾಗ ಮಾರ್ಥಾಳ ಅಪ್ಪ ಈ ಕಲ್ಲನ್ನೂ ತರಿಸಿದ್ದನಂತೆ.

ಅವ್ವ ಅದನ್ನು ತುಳಿಯಲಿಲ್ಲ. ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡು ಹುಲ್ಲಿನ ಮೇಲೇ ನಿಂತಳು.

"ಏನಾಯ್ತು, ಜಾರುತ್ತಾ?" ಮಾರ್ಥಾ ಇಂಗ್ಲಿಷಿನಲ್ಲಿ ಕೇಳಿದಳು.

"ಹಿಟ್ಟ ಬೀಸಿದ ಕಲ್ಲೈತಿ. ಅದರ ಮ್ಯಾಲ ಹೆಂಗ ಕಾಲಿಡೂದು? ಹೇಳ ಆಕಿಗೆ," ಅಂದಳು ಅವ್ವ.

ಹೇಳಿದೆ. ಅವಳು ನಕ್ಕುಬಿಟ್ಟಿದ್ದರೆ ಚೆನ್ನಾಗಿತ್ತು.

ಬೂಟುಗಳಿಗೆ ಸವೆದು ನುಣ್ಣಗಾದ ಕಲ್ಲನ್ನೇ ಮಾರ್ಥಾ ನೋಡಿದಳು. "ನಮ್ಮಜ್ಜಿ ಈ ಬಾಗಿಲಲ್ಲಿ ಯಾವತ್ತೂ ಓಡಾಡಲಿಲ್ಲ. ಹಿತ್ತಿಲಿಂದಲೇ ಬರ್ತಿದ್ದಳು. ಹಠಮಾರಿ ಅಂತ ನಾವೆಲ್ಲ ನಗ್ತಿದ್ದೆವು."

ಒಳಗೆ ಕರೆಯುವುದನ್ನೂ ಮರೆತು ನಿಂತೇ ಮಾತಾಡಿದಳು. ಮನೆಯ ಜೊತೆ ಕಲ್ಲೂ ಕೊಂಡವರಿಗೇ ಸೇರಿದೆಯಂತೆ, ಒಯ್ಯುವಂತಿಲ್ಲ.

ನಾವು ಹೊರಟಾಗ ಬೀಳ್ಕೊಡಲು ಬರುತ್ತೇನೆಂದು ಮುಂಬಾಗಿಲನ್ನು ಒಳಗಿಂದ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಕೋಲೂರುತ್ತ, ಒದ್ದೆ ಚಪ್ಪಲಿಯಲ್ಲಿ, ಹಿತ್ತಿಲಿನಿಂದ ಸುತ್ತಿಕೊಂಡು ಬಂದಳು.