ಮೊಣಕೈ ಅದ್ದಿ ನದಿ ನೋಡುತ್ತಿದ್ದವರು

ಟೈಲರ್ ಸಾಹೇಬರ ಗಡ್ಡದಲ್ಲಿ ಯಾವಾಗ ನೋಡಿದರೂ ಹುಂಜದ ಗರಿಯ ಒಂದೆರಡು ಎಳೆ ಸಿಕ್ಕಿಕೊಂಡಿರುತ್ತಿತ್ತು. ಗಡ್ಡಕ್ಕೆ ಮದರಂಗಿ ಹಚ್ಚುತ್ತಿದ್ದರಿಂದ ಯಾವುದು ಗರಿ, ಯಾವುದು ಗಡ್ಡ ಎಂದು ಹತ್ತಿರ ಹೋಗಿ ನೋಡಿದರೇ ತಿಳಿಯುವುದು. ಕೊಪ್ಪದ ಪೇಟೆಯಲ್ಲಿ ಅವರ ಅಂಗಡಿ. ಕೊಟ್ಟ ಬಟ್ಟೆ ಹೇಳಿದ ದಿನಕ್ಕೆ ಸಿಕ್ಕಿದ್ದೇ ಇಲ್ಲ. ಪ್ಯಾಂಟು ಕೇಳಲು ಹೋದರೆ, ಗಾಳದ ಕೊಕ್ಕೆಗೆ ಗರಿ ಇಟ್ಟು ಹೊಲಿಗೆ ದಾರ ಸುತ್ತುತ್ತಾ, "ಎಂತ ಅವಸರ ಮಾರಾಯ್ರೇ, ಈಗ ಒಂದು ಹಾಕ್ಕೊಂಡಿದ್ದೀರಲ್ಲ!" ಎನ್ನುತ್ತಿದ್ದರು.

ಆ ಗರಿಯ ಕೊಕ್ಕೆಗೆ ಅವರಿಟ್ಟ ಹೆಸರು 'ಹುಳ'. ನೀರಿನ ಮೇಲೆ ತೇಲಿಬಿಟ್ಟರೆ ಮೀನು ನಿಜವಾದ ಹುಳವೆಂದೇ ನಂಬಿ ಮೇಲೆ ಹಾರುತ್ತಿತ್ತು. ವಯಸ್ಸಿನಲ್ಲಿದ್ದಾಗ ಕಾಫಿ ತೋಟದ ದೊರೆಯೊಬ್ಬನಿಗೆ ಬಟ್ಟೆ ಹೊಲಿದುಕೊಡುತ್ತಾ ಕಲಿತ ವಿದ್ಯೆಯಂತೆ. ದೇಶ ಬಿಟ್ಟು ಹೋಗುವಾಗ ದೊರೆ ತನ್ನ ಬೆತ್ತದ ಗಾಳದ ಕೋಲನ್ನೂ ಅವರಿಗೇ ಕೊಟ್ಟಿದ್ದ.

ಎಪ್ಪತ್ತರ ದಶಕದ ಕೊನೆ. ನಾನು ಅಲ್ಲಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಭಾನುವಾರ ಅವರೊಂದಿಗೆ ಬಸ್ಸು ಹತ್ತಿ ಹರಿಹರಪುರದ ಕೆಳಗೆ ತುಂಗೆಗೆ ಹೋಗುತ್ತಿದ್ದೆ. ಮಗುವಿನ ಸ್ನಾನದ ನೀರು ನೋಡುವ ಹಾಗೆ ಸಾಹೇಬರು ಮೊದಲು ಮೊಣಕೈಯನ್ನು ಹೊಳೆಗೆ ಅದ್ದುತ್ತಿದ್ದರು. ನೀರು ತಣ್ಣಗಿದ್ದರೆ ಗಾಳ. ಮನೆಯ ಸಾರಿಗೆಂದು ಒಂದು ಮೀನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡುವುದು. ಬೇಸಿಗೆಯಲ್ಲಿ ಹೊಳೆ ಬತ್ತಿ ನೀರು ಬೆಚ್ಚಗಾಯಿತೆಂದರೆ ಮಳೆ ಬೀಳುವವರೆಗೆ ಕೋಲು ಮುಟ್ಟುತ್ತಿರಲಿಲ್ಲ.

"ಈಗ ಅವಕ್ಕೆ ಉಸಿರಾಡ್ಲಿಕ್ಕೇ ಕಷ್ಟ. ಎಳೆದಾಡಿ ಬಿಟ್ರೆ ಬದುಕೋದಿಲ್ಲ" ಎನ್ನುತ್ತಿದ್ದರು.

ನನಗಾಗ ಮದುವೆಯಾಗಿ ಎಂಟು ತಿಂಗಳು. ಹೆಂಡತಿ ದಾವಣಗೆರೆಯಲ್ಲಿ ಟೀಚರ್. ನನ್ನನ್ನು ಅಲ್ಲಿಗೆ ವರ್ಗ ಮಾಡಿ ಎಂದು ಅರ್ಜಿ ಹಾಕಿ ಹಾಕಿ ಸಾಕಾಗಿತ್ತು. ವರ್ಗ ಮಾಡಬೇಕಾದ ಅಧಿಕಾರಿಗೆ ಗಾಳದ ಹುಚ್ಚು. ಅವರು ಏಪ್ರಿಲ್‌ನಲ್ಲಿ ಪ್ರವಾಸ ಬರುತ್ತಾರೆಂದು ತಿಳಿದ ದಿನವೇ ಸಾಹೇಬರ ಅಂಗಡಿಗೆ ಓಡಿ, ಅವರಿಗೊಂದು ಮೀನು ಹಿಡಿಸಿಕೊಡಿ ಎಂದು ಕೇಳಿದೆ.

"ನೀರು ಕಾದಿದೆ. ಆಗೋದಿಲ್ಲ" ಎಂದರು.

ಅವರ ಹೆಂಡತಿ ಎದೆನೋವಿನಿಂದ ತೀರಿಕೊಂಡಿದ್ದು, ಆಗ ಇವರು ಹತ್ತಿರ ಇಲ್ಲದಿದ್ದದ್ದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ: "ನನ್ನ ಹೆಂಡ್ತಿಗೆ ಎದೆನೋವು ಸಾಹೇಬ್ರೇ. ನಾನು ಹತ್ತಿರ ಇರ್ಲೇಬೇಕು." ಹಸಿ ಸುಳ್ಳು.

ಕತ್ತರಿ ಕೆಳಗಿಟ್ಟರು. "ತಂಗಿಗೆ ಹಾಗಾಗಿದ್ಯಾ? ಮೊದ್ಲೇ ಹೇಳ್ಬಾರ್ದಾ ಮಾರಾಯ್ರೇ?"

ಅಧಿಕಾರಿ ಬಂದ ದಿನ ಹನ್ನೊಂದು ಗಂಟೆಗೇ ಹೊಳೆಯ ಬಂಡೆ ಕಾಲು ಸುಡುತ್ತಿತ್ತು. ಸಾಹೇಬರು ಮೊಣಕೈ ಅದ್ದಲಿಲ್ಲ. ಬೀಸಿದ ಮೂರನೆಯ ಸಲಕ್ಕೇ ಹೊಂಬಣ್ಣದ ದೊಡ್ಡ ಮೀನು ಹಾರಿ ಹುಳವನ್ನು ಕಚ್ಚಿತು. ಕೋಲನ್ನು ಅಧಿಕಾರಿಯ ಕೈಗೆ ಕೊಟ್ಟರು. ಅವರು ಅರ್ಧ ಗಂಟೆ ಎಳೆದಾಡಿ ದಡಕ್ಕೆ ತಂದರು. ಡ್ರೈವರ್ ಜೀಪಿನಿಂದ ಕ್ಯಾಮೆರಾ ತರುವವರೆಗೂ ಮೀನನ್ನು ಎತ್ತಿ ಹಿಡಿದೇ ನಿಂತಿದ್ದರು. ಫೋಟೋ ಆದ ಮೇಲೆ ಉದಾರವಾಗಿ, "ಬಿಟ್ಬಿಡಿ ಪಾಪ" ಎಂದು ಜೀಪು ಹತ್ತಿದರು.

ಸಾಹೇಬರು ಸೊಂಟದವರೆಗಿನ ನೀರಿಗಿಳಿದು, ಎರಡೂ ಕೈಯಲ್ಲಿ ಮೀನನ್ನು ಹಿಡಿದು, ಅದರ ಬಾಯನ್ನು ಹರಿವಿಗೆ ಎದುರು ಮಾಡಿ ನಿಂತರು. ಕೈ ಸಡಿಲಿಸಿದಾಗಲೆಲ್ಲ ಅದು ಹೊಟ್ಟೆ ಮೇಲಾಗಿ ಮಗುಚಿಕೊಳ್ಳುತ್ತಿತ್ತು. ಅವರು ಮತ್ತೆ ಹಿಡಿಯುತ್ತಿದ್ದರು. ತಲೆಯ ಮೇಲೆ ಸುಡುವ ಬಿಸಿಲು. ಒಂದು ಗಂಟೆಯಾದರೂ ಆಗಿರಬೇಕು. ಕೊನೆಗೆ ಮೀನನ್ನು ದಡದ ಮರಳಿನಲ್ಲಿ ಹೂತರು. ಸಾರಿಗೂ ಒಯ್ಯಲಿಲ್ಲ.

ಬಸ್ಸಿನಲ್ಲಿ ಅವರು ಆಡಿದ್ದು ಒಂದೇ ಮಾತು: "ತಂಗಿ ಹುಷಾರಾಗ್ಲಿ. ಅಷ್ಟು ಸಾಕು."

ನನಗೆ ನಾಚಿಕೆಯಾಯಿತು. ಆದರೂ ನಿಜ ಹೇಳಲಿಲ್ಲ, ವರ್ಗದ ಆದೇಶ ಇನ್ನೂ ಕೈಸೇರಿರಲಿಲ್ಲ. ಕೈಸೇರಿದ ಮೇಲೂ ಹೇಳಲಿಲ್ಲ. ಅವರು ಮತ್ತೆ ಹೊಳೆಗೆ ಹೋಗಲಿಲ್ಲವೆಂದು ಆಮೇಲೆ ಯಾರೋ ಹೇಳಿದರು.

ಪ್ರತಿ ರಂಜಾನಿಗೆ ದಾವಣಗೆರೆಯ ನನ್ನ ಕಚೇರಿಗೆ ಅವರಿಂದ ಒಂದು ಕಾರ್ಡು ಬರುತ್ತಿತ್ತು: 'ತಂಗಿಗೆ ಈಗ ಹೇಗಿದೆ?' 'ಪರವಾಗಿಲ್ಲ' ಎಂದು ಬರೆಯುತ್ತಿದ್ದೆ. ಪೂರ್ತಿ ವಾಸಿಯಾಯಿತು ಎಂದಾದರೂ ಬರೆಯಬಹುದಿತ್ತು. ಯಾವ ಡಾಕ್ಟರು, ಯಾವ ಮದ್ದು ಎಂದು ಕೇಳಿದರೆ ಸುಳ್ಳು ಬಯಲಾದೀತೆಂಬ ಭಯ.

ಆರೇಳು ವರ್ಷದ ಮೇಲೆ ಬಂದ ಕೊನೆಯ ಕಾರ್ಡು ಅವರ ಮಗಳು ಬರೆದದ್ದು. ನಾನು ರಜೆಯಲ್ಲಿದ್ದುದರಿಂದ ಜವಾನ ಅದನ್ನು ಮನೆಗೆ ತಂದುಕೊಟ್ಟ. ಮೊದಲು ಓದಿದ್ದು ನನ್ನ ಹೆಂಡತಿ. ತಂದೆ ತೀರಿಕೊಂಡರು, ಕೊನೆಯವರೆಗೂ ನಮಾಜಿನ ನಂತರ ನಿಮ್ಮ ಮನೆಯವರ ಎದೆನೋವು ವಾಸಿಯಾಗಲೆಂದು ಬೇಡಿಕೊಳ್ಳುತ್ತಿದ್ದರು ಎಂದಿತ್ತು.

ಅವಳು ಕಾರ್ಡು ಹಿಡಿದುಕೊಂಡು ಬಂದು ಕೇಳಿದಳು: "ಯಾರ್ರೀ ಇವರು? ನನಗ್ಯಾವಾಗ ಎದೆನೋವು ಬಂದಿತ್ತು?"