ಬಾಗಿಲ ಬಳಿಯ ಮೌನ ಧರಣಿ

ಜುಮೇರಾ ಲೇಕ್ ಟವರ್ಸ್‌ನ ಒಂದು ಆಫೀಸಿನಲ್ಲಿ ನನಗೆ ಅಕೌಂಟೆಂಟ್ ಕೆಲಸ ಸಿಕ್ಕಿತ್ತು. ಹುಬ್ಬಳ್ಳಿಯಲ್ಲಿ ಮಾಡುತ್ತಿದ್ದ ಕೆಲಸವೇ. ಮಗಳು ಹುಟ್ಟಿದ ಮೇಲೆ ಬಿಟ್ಟಿದ್ದೆ. ಮತ್ತೆ ಸಿಕ್ಕ ಸುದ್ದಿ ಬಂದಾಗ ಡಿಸ್ಕವರಿ ಗಾರ್ಡನ್ಸ್‌ನ ನಮ್ಮ ಪುಟ್ಟ ಅಡುಗೆಮನೆಯಲ್ಲಿ ಒಬ್ಬಳೇ ಕುಣಿದಿದ್ದೆ. ಆದರೆ ಈ ಕೊಲ್ಲಿ ದೇಶದಲ್ಲಿ ನಾನಿರುವುದು ಗಂಡನ ವೀಸಾದ ಮೇಲೆ. ಹೆಂಡತಿ ಕೆಲಸಕ್ಕೆ ಹೋಗಲು ತಮ್ಮ ಅಭ್ಯಂತರವಿಲ್ಲವೆಂದು ಅವರು ಎನ್‌ಒಸಿ ಬರೆದು ಸಹಿ ಹಾಕಬೇಕು. ತಿಂಗಳ ಕೊನೆಯವರೆಗೆ ಕಾಯುತ್ತೇವೆ ಎಂದು ಆಫೀಸಿನವರು ಹೇಳಿದ್ದರು.

ಕೇಳಿದಾಗಲೆಲ್ಲ ನಮ್ಮವರು, "ನೋಡೂಣು ತಗೋ," ಎನ್ನುತ್ತಿದ್ದರು. ಬೇಡ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು. ಒಳ್ಳೆಯ ಮನುಷ್ಯ, ಅದೇ ದೊಡ್ಡ ತಲೆನೋವು.

ಆ ವಾರ ಮಗಳು ಶಾಲೆಯಲ್ಲಿ ಅಮೆರಿಕದ ಹೆಂಗಸರು ಮತದಾನದ ಹಕ್ಕು ಪಡೆದ ಕಥೆ ಹೇಳಬೇಕಿತ್ತು. ನಾನು ರೊಟ್ಟಿ ಬಡಿಯುತ್ತಿದ್ದರೆ ಪಕ್ಕದಲ್ಲಿ ನಿಂತು ಅಭ್ಯಾಸ ಮಾಡುತ್ತಿದ್ದಳು. ಕೇಳಿ ಕೇಳಿ ಸಾಕಾದ ಆ ಹೆಂಗಸರು ಅಧ್ಯಕ್ಷರ ಮನೆಯ ಗೇಟಿನ ಮುಂದೆ ದಿನವೂ ಬಂದು ನಿಲ್ಲುತ್ತಿದ್ದರಂತೆ. ಬಾಯಿಂದ ಒಂದು ಮಾತಿಲ್ಲ. ಜೈಲಿಗೆ ಹಾಕಿದರೂ, ಬಿಟ್ಟ ಮೇಲೆ ಮತ್ತೆ ಬಂದು ನಿಂತರಂತೆ. ನನಗದು ಬಹಳ ಹಿಡಿಸಿತು.

ಮರುದಿನದಿಂದ ನಾನೂ ನಿಂತೆ. ನಮ್ಮವರು ಅಲ್ ಕೂಜ್‌ನ ವರ್ಕ್‌ಶಾಪಿಗೆ ಹೊರಡುವ ಹೊತ್ತಿಗೆ, ಚಪ್ಪಲಿ ಸ್ಟ್ಯಾಂಡಿನ ಪಕ್ಕ, ಊಟದ ಡಬ್ಬಿ ಹಿಡಿದು, ತುಟಿ ಪಿಟಿಕ್ಕೆನ್ನದೆ. ಅವರು ಡಬ್ಬಿ ಇಸಿದುಕೊಂಡು, ಗೌರವದಿಂದ ತಲೆಯಾಡಿಸಿ ಹೋಗುತ್ತಿದ್ದರು. ಶ್ರಾವಣ ಮಾಸ ನೋಡಿ, ನಾನು ಮೌನವ್ರತ ಹಿಡಿದಿದ್ದೇನೆಂದು ತಿಳಿದಿದ್ದರು! ಭಾನುವಾರ ವಿಜಯಪುರದಲ್ಲಿರುವ ತಾಯಿಗೆ ವಿಡಿಯೋ ಕಾಲ್ ಮಾಡಿ, ಸೊಸೆಯ ಭಕ್ತಿಯನ್ನು ಹೆಮ್ಮೆಯಿಂದ ವರ್ಣಿಸಿದರು.

"ವ್ರತ ಅಲ್ಲ ಅಜ್ಜಿ, ಪ್ರೊಟೆಸ್ಟ್!" ಎಂದು ಮಗಳು ನಡುವೆ ಬಾಯಿ ಹಾಕಿ, ಕೆಲಸದ ವಿಷಯ, ಸಹಿಯ ವಿಷಯ ಎಲ್ಲ ಒದರಿಬಿಟ್ಟಳು.

ಅತ್ತೆ ಮಗನಿಗೆ, "ಆಕಿ ಓದಿದ್ದು ನಿನ್ನ ಡಬ್ಬಿ ಕಟ್ಟಾಕೇನೋ? ಸಹಿ ಹಾಕು. ನಾ ಕಾಯ್ತೀನಿ," ಎಂದರು.

ನಮ್ಮವರು ಅಲ್ಲೇ ಕೂತು ಬರೆದು ಸಹಿ ಹಾಕಿ ನನ್ನ ಕೈಗಿತ್ತರು. ಮಗಳು ಚಪ್ಪಾಳೆ ತಟ್ಟಿದಳು. ಅಮೆರಿಕದಲ್ಲೂ ಹೀಗೇ ಆಗಿತ್ತಂತೆ. ಕೊನೆಗೆ ಒಂದೇ ಒಂದು ರಾಜ್ಯ ಒಪ್ಪುವುದು ಬಾಕಿ ಇದ್ದಾಗ, ಅಲ್ಲಿನ ಯುವ ಶಾಸಕನೊಬ್ಬ ತಾಯಿಯ ಮಾತು ಕೇಳಿ ಹೆಂಗಸರ ಪರ ಮತ ಹಾಕಿದನಂತೆ.

ಕೆಲಸ ಉಳಿಯಿತು. ಆದರೆ ಸಂತೋಷದ ಜೊತೆಗೇ ಸಿಟ್ಟೂ ಉಕ್ಕಿ ಬಂತು. ನನ್ನ ಮುಖ ನೋಡಿ ನಮ್ಮವರು, "ಯಾಕ, ಖುಷಿ ಆಗಲಿಲ್ಲೇನು?" ಎಂದರು.

"ಆಗೇದರಿ. ನಾ ಹೇಳಿದ್ದಕ್ಕ ಹಾಕಿದ್ರ ಇನ್ನೂ ಆಗ್ತಿತ್ತು."

ಅವರಿಗೆ ಚುರುಕು ಮುಟ್ಟಿತು. "ಕೊಡಿಲ್ಲೆ. ಇದನ್ನ ಹರದು, ನೀ ಹೇಳಿದ್ದಕ್ಕಂತ ಮತ್ತೊಂದು ಬರೀತೀನಿ," ಎಂದು ಕೈ ಚಾಚಿದರು. ಮನಸ್ಸಿನಿಂದಲೇ ಹೇಳಿದ್ದು, ನನಗೆ ಗೊತ್ತು.

ಆದರೂ ಅವರ "ನೋಡೂಣು ತಗೋ" ನೆನಪಾಗಿ ನಾನು ಕಾಗದ ಕೊಡಲಿಲ್ಲ.